ಸಿನಿಮಾ ನೋಡಿದವರು ‘ದೇವದಾಸ’ ಕಾದಂಬರಿಯನ್ನು ಕೊಂಡು ಓದಬೇಕೆ?

ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ’ವನ್ನು ಓದದೆಯೇ ಓದಿದವರಂತೆ ಮಾತನಾಡುವವರು ನಮ್ಮಲ್ಲಿ ಬಹಳ ಮಂದಿ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಈ ಕಥೆ ಪುಸ್ತಕದ ಅಂಗಡಿಗಿಂತ ಮೊದಲು ಚಿತ್ರಮಂದಿರದ ಮೂಲಕವೇ ನಮ್ಮ ಊರುಗಳಿಗೆ ಬಂದಿತು. ಹುಡುಗನೊಬ್ಬ ಗಡ್ಡ ಬೆಳೆಸಿಕೊಂಡು, ಊಟ ಬಿಟ್ಟು ಮೂಲೆ ಹಿಡಿದರೆ ಮನೆಯವರು ಅವನನ್ನು ದೇವದಾಸನೆಂದೇ ಹಂಗಿಸುತ್ತಾರೆ, ಆದರೆ ಹಾಗೆ ಹಂಗಿಸುವವರಲ್ಲಿ ಮೂಲ ಕಥೆಯ ದೇವದಾಸ ಪಾರ್ವತಿಗೆ ಎಂಥ ಕಾಗದ ಬರೆದಿದ್ದನೆಂಬುದನ್ನು ಬಲ್ಲವರು ವಿರಳ. ಈ ವಿಮರ್ಶೆಗೆ ನಾನು ಆಯ್ದುಕೊಂಡಿರುವುದು ಶ್ರೀಜಾತಾ ಗುಹಾ ಅವರು ಬಂಗಾಳಿಯಿಂದ ಇಂಗ್ಲಿಷಿಗೆ ಅನುವಾದಿಸಿ 2002ರಲ್ಲಿ ಪೆಂಗ್ವಿನ್ ಸಂಸ್ಥೆ ಪ್ರಕಟಿಸಿದ ಆವೃತ್ತಿಯನ್ನು. ಸಿನಿಮಾ ನೋಡಿ ಕಣ್ಣೀರಿಟ್ಟವರು ಈ ಪುಸ್ತಕಕ್ಕೆ ಹಣ ಕೊಡಬಹುದೇ, ಕೊಟ್ಟರೆ ಅವರಿಗೆ ದೊರೆಯುವುದೇನು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇನೆ: ಮಹಾಪ್ರೇಮಿಯೊಬ್ಬನ ಕಥೆಯೆಂದು ಕೊಂಡವರಿಗೆ ಈ ಪುಸ್ತಕ ನಿರಾಸೆ ಮಾಡುತ್ತದೆ. ಒಬ್ಬ ದುರ್ಬಲ ಮನುಷ್ಯ ತನ್ನ ದೌರ್ಬಲ್ಯದ ಬೆಲೆಯನ್ನು ಸುತ್ತಲಿನವರಿಂದ ಹೇಗೆ ವಸೂಲು ಮಾಡುತ್ತಾನೆ, ಅಷ್ಟಾದರೂ ಅವರು ಅವನನ್ನು ಏಕೆ ಕೈಬಿಡುವುದಿಲ್ಲ ಎಂಬ ಕುತೂಹಲವಿದ್ದವರಿಗೆ ಮಾತ್ರ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಪುಸ್ತಕ. ಗಾತ್ರದಲ್ಲಿ ಚಿಕ್ಕದು, ಒಂದು ಭಾನುವಾರದ ಮಧ್ಯಾಹ್ನ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮುಗಿಸಬಹುದು.

1876ರಲ್ಲಿ ಹುಟ್ಟಿದ ಶರತ್‌ಚಂದ್ರರು ಇದನ್ನು ಬರೆದದ್ದು 1900ರ ಸುಮಾರಿಗೆ, ಇನ್ನೂ ಇಪ್ಪತ್ತೈದು ದಾಟದ ವಯಸ್ಸಿನಲ್ಲಿ. ಪುಸ್ತಕವಾಗಿ ಅಚ್ಚಾದದ್ದು 1917ರಲ್ಲಿ, ಅವರು ರಂಗೂನಿನ ಗುಮಾಸ್ತಗಿರಿಯನ್ನು ಬಿಟ್ಟು ಬಂಗಾಳಕ್ಕೆ ಹಿಂತಿರುಗಿದ ಮೇಲೆ. ನಡುವಿನ ವರ್ಷಗಳಲ್ಲಿ ಇದನ್ನು ಹೊರತರಲು ಲೇಖಕರೇ ಹಿಂಜರಿದಿದ್ದರು. ಆ ಹಿಂಜರಿಕೆಗೆ ಕಾರಣವಾಗಿರಬಹುದಾದ ಹರೆಯದ ಉದ್ವೇಗ, ಅವಸರ, ಕಣ್ಣೀರಿನ ಮೋಹ ಎಲ್ಲವೂ ಪುಟಗಳಲ್ಲಿ ಹಾಗೆಯೇ ಉಳಿದಿವೆ. ಆದರೆ ಅದೇ ಹರೆಯದ ಕೈ, ಪಳಗಿದ ಕಾದಂಬರಿಕಾರನೊಬ್ಬ ತಿದ್ದಿ ನುಣುಪುಮಾಡಿಬಿಡಬಹುದಾಗಿದ್ದ ಒರಟುತನವನ್ನೂ ಉಳಿಸಿದೆ, ಮತ್ತು ಪುಸ್ತಕದ ಜೀವ ಇರುವುದು ಆ ಒರಟುತನದಲ್ಲಿಯೇ.

ಕಥೆ ತಾಲಸೋನಾಪುರವೆಂಬ ಹಳ್ಳಿಯ ಪಾಠಶಾಲೆಯಲ್ಲಿ, ಬೇಸಗೆಯ ಒಂದು ಮಧ್ಯಾಹ್ನ ಆರಂಭವಾಗುತ್ತದೆ. ಜಮೀನ್ದಾರರ ಮಗ ದೇವದಾಸ ತನ್ನ ಮೇಲೆ ಕಾವಲಿಗಿದ್ದ ಹಿರಿಯ ಹುಡುಗನನ್ನು ಸುಣ್ಣದ ರಾಶಿಗೆ ದಬ್ಬಿ ಓಡಿಹೋಗುತ್ತಾನೆ. ನೆರೆಮನೆಯ ಹುಡುಗಿ ಪಾರ್ವತಿ ಚಪ್ಪಾಳೆ ತಟ್ಟಿ ನಗುತ್ತಾಳೆ, ಆಮೇಲೆ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಅವನು ಅಡಗಿದ್ದ ಮಾವಿನ ತೋಪಿಗೆ ಹೋಗುತ್ತಾಳೆ. ಇಷ್ಟು ಮಾತ್ರವಾಗಿದ್ದರೆ ಬಾಲ್ಯದ ಸವಿನೆನಪಿನ ಅಧ್ಯಾಯವೆಂದು ಮುಂದೆ ಸಾಗಬಹುದಿತ್ತು. ಆದರೆ ಸ್ವಲ್ಪದರಲ್ಲೇ ಗಾಳದ ಕೋಲಿಗಾಗಿ ಬಿದಿರು ಕಡಿಯುವ ಪ್ರಸಂಗ ಬರುತ್ತದೆ. ಪಾರ್ವತಿ ಬಗ್ಗಿಸಿ ಹಿಡಿದಿದ್ದ ಬಿದಿರು ಕೈತಪ್ಪಿ ಅವನು ಬಿದ್ದಾಗ ಅವಳಿಗೆ ಬಾಸುಂಡೆ ಬರುವಂತೆ ಹೊಡೆಯುತ್ತಾನೆ, ಅವಳು ಮನೆಗೆ ಹೋಗಿ ಪಾಠಶಾಲೆಯ ಪಂಡಿತರು ಹೊಡೆದರೆಂದು ಸುಳ್ಳು ಹೇಳುತ್ತಾಳೆ, ಮತ್ತು ಆ ಸುಳ್ಳಿನ ಫಲವಾಗಿ ಅವಳ ಓದೇ ನಿಂತುಹೋಗುತ್ತದೆ. ಅವನು ತಪ್ಪು ಮಾಡುವುದು, ಅದನ್ನು ಅವಳು ಮುಚ್ಚುವುದು, ನಷ್ಟ ಅವಳ ಪಾಲಿಗೆ ಬರುವುದು ಎಂಬ ಲೆಕ್ಕ ಮಕ್ಕಳ ಆಟದ ಮರೆಯಲ್ಲಿಯೇ ಹೀಗೆ ಶುರುವಾಗುತ್ತದೆ. ಲೇಖಕರು ಇದರ ಬಗ್ಗೆ ಒಂದು ಮಾತಿನ ಟಿಪ್ಪಣಿಯನ್ನೂ ಕೊಡುವುದಿಲ್ಲ, ಓದುಗ ಅದನ್ನು ತಾನೇ ಗುರುತಿಸಿಕೊಳ್ಳಬೇಕು.

ನಡತೆಯಲ್ಲಿ ಕೊರತೆಯಿರುವ ನಾಯಕ ನಮ್ಮನ್ನು ಸೆಳೆಯುವುದೇಕೆಂದು ಕೇಳಿದರೆ, ಅವನು ನಮ್ಮ ಹಾಗೆ ಇದ್ದಾನೆ ಎಂಬ ಸಿದ್ಧ ಉತ್ತರ ಬರುತ್ತದೆ. ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ದೇವದಾಸನನ್ನು ಓದುವಾಗ ಆಗುವುದು ಬೇರೆ: ಅವನು ಈಗ ಏನು ಮಾಡಬೇಕೆಂಬುದು ಓದುಗನಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಅವನಿಗೂ ಅರ್ಧ ಗೊತ್ತಿರುತ್ತದೆ, ಆದರೂ ಅವನು ಅದನ್ನು ಮಾಡುವುದಿಲ್ಲ, ಮಾಡಲು ಮನಸ್ಸು ಗಟ್ಟಿಯಾಗುವಷ್ಟರಲ್ಲಿ ಸಮಯ ಕಳೆದಿರುತ್ತದೆ. ನಮಗೆ ಬರುವುದು ಅನುಕಂಪಕ್ಕಿಂತ ಮೊದಲು ಸಿಟ್ಟು, ಮತ್ತು ಆ ಸಿಟ್ಟೇ ಪುಟ ಮಗುಚಿಸುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡುವ ನಾಯಕನ ಎದುರು ಓದುಗನಿಗೆ ಕೆಲಸವೇ ಇರುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ ಪಾರ್ವತಿ ನಡುರಾತ್ರಿ ಅವನ ಕೋಣೆಗೆ ಬರುವ ಅಧ್ಯಾಯ. ಇಡೀ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ತೆರೆದು ಓದಿದ ಪುಟಗಳು ಇವೇ. ಅವರಿಬ್ಬರ ಮದುವೆಯ ಮಾತನ್ನು ದೇವದಾಸನ ಮನೆಯವರು ತಳ್ಳಿಹಾಕಿದ್ದಾರೆ. ನೆರೆಮನೆಯ ಸಂಬಂಧವೆಂಬುದು ಒಂದು ಕಾರಣ, ಹೆಣ್ಣು ಕೊಡುವಾಗ ಹಣ ಪಡೆಯುವ ಮನೆತನವೆಂಬ ತಾತ್ಸಾರ ಇನ್ನೊಂದು. ವರದಕ್ಷಿಣೆಯ ಕಥೆಗಳನ್ನೇ ಹೆಚ್ಚು ಕೇಳಿರುವ ಇಂದಿನ ಓದುಗರಿಗೆ, ವಧುದಕ್ಷಿಣೆ ಪಡೆಯುವವರನ್ನು ಕೀಳಾಗಿ ಕಾಣುತ್ತಿದ್ದ ಆ ಸಮಾಜದ ರೀತಿ ತುಸು ಗೊಂದಲವೆನಿಸೀತು. ಹದಿಹರೆಯದ ಹುಡುಗಿಯೊಬ್ಬಳು ಊರೆಲ್ಲ ಮಲಗಿದ ಮೇಲೆ, ಆಳುಗಳು ಮಲಗಿರುವ ಜಗಲಿಯನ್ನು ದಾಟಿ ಜಮೀನ್ದಾರರ ಮನೆಯೊಳಗೆ ಒಬ್ಬಳೇ ಬಂದಿದ್ದಾಳೆ. ಆ ಹೊತ್ತಿಗೆ ದೇವದಾಸನ ಬಾಯಿಂದ ಬರುವುದು ಯಾರಾದರೂ ನೋಡಿದರೇನೋ, ನಾಳೆ ಹೇಗೆ ಮುಖ ತೋರಿಸುತ್ತೀಯೆ ಎಂಬ ಚಿಂತೆ. ಅವಳು ಕೇಳುವುದು ಅವನ ಪಾದದ ಬಳಿ ಒಂದಿಷ್ಟು ಜಾಗ. ಅವನು ಯೋಚಿಸುವುದು ತಂದೆತಾಯಿಯರ ಮಾತು ಮೀರುವುದು ಹೇಗೆಂದು. ಆ ಕೋಣೆಯಲ್ಲಿ ಧೈರ್ಯವಿರುವುದು ಒಬ್ಬರಲ್ಲಿ ಮಾತ್ರ ಎಂಬುದನ್ನು ಲೇಖಕರು ಸಂಭಾಷಣೆಯಿಂದಲೇ ಕಾಣಿಸುತ್ತಾರೆ, ವರ್ಣನೆಗೆ ಕೈಹಾಕುವುದಿಲ್ಲ.

ಮುಂದೆ ಆ ಕಾಗದ. ಕಲ್ಕತ್ತೆಗೆ ಓಡಿಹೋದ ದೇವದಾಸ ಅಲ್ಲಿಂದ ಪಾರ್ವತಿಗೆ ಬರೆಯುತ್ತಾನೆ: ನಿನ್ನನ್ನು ಅಷ್ಟೇನೂ ಪ್ರೀತಿಸಿದ್ದೇನೆಂದು ನನಗೆ ಎಂದೂ ಅನ್ನಿಸಿಲ್ಲ, ತಂದೆತಾಯಿಯರನ್ನು ನೋಯಿಸಲಾರೆ ಎಂಬ ಅರ್ಥದ ಮಾತುಗಳು. ಅಂಚೆಗೆ ಹಾಕಿದ ಕ್ಷಣದಿಂದಲೇ ಅವನಿಗೆ ಪಶ್ಚಾತ್ತಾಪ. ಊರಿಗೆ ಮರಳಿ ಕೆರೆಯ ದಂಡೆಯಲ್ಲಿ ಅವಳನ್ನು ಕಂಡು ಮದುವೆಯ ಮಾತೆತ್ತಿದಾಗ ಪಾರ್ವತಿಯ ಸ್ವಾಭಿಮಾನ ಹೆಡೆಯೆತ್ತಿರುತ್ತದೆ. ನಿನಗೆ ತಂದೆತಾಯಿಯರಿದ್ದಂತೆ ನನಗೂ ಇದ್ದಾರೆ, ಅವರ ಒಪ್ಪಿಗೆ ಬೇಡವೇ ಎಂದು ಅವಳು ತಿರುಗಿ ಕೇಳುತ್ತಾಳೆ. ಆಗ ಅವನು ಕೈಯಲ್ಲಿದ್ದ ಗಾಳದ ಕೋಲಿನಿಂದ ಅವಳ ಮುಖಕ್ಕೆ ಬೀಸುತ್ತಾನೆ, ಹಣೆ ಒಡೆದು ರಕ್ತ ಸುರಿಯುತ್ತದೆ. ಆ ಗಾಯದ ಕಲೆಯನ್ನು ಪಾರ್ವತಿ ಜೀವಮಾನವಿಡೀ ಹೊತ್ತು ತಿರುಗುತ್ತಾಳೆ.

ಈ ಏಟನ್ನು ಒಂದು ಪ್ರೇಮದ ಗುರುತಿನಂತೆ ಕಾದಂಬರಿ ನಡೆಸಿಕೊಳ್ಳುತ್ತದೆ ಎಂಬುದು ಪುಸ್ತಕದ ಮೇಲೆ ನನಗಿರುವ ದೊಡ್ಡ ಆಕ್ಷೇಪ. ಅವನ ಕೊರತೆಗಳನ್ನು ಬೇರೆಲ್ಲ ಕಡೆ ಕಟುವಾಗಿ ನೋಡುವ ಲೇಖಕರು ಇಲ್ಲಿ ಮೆತ್ತಗಾಗುತ್ತಾರೆ. ಹೊಡೆದವನೂ ಹೊಡೆಸಿಕೊಂಡವಳೂ ಆ ಕಲೆಯನ್ನು ಒಂದು ಒಡವೆಯಂತೆ ಒಪ್ಪಿಕೊಂಡುಬಿಡುತ್ತಾರೆ. ಕಾಲಧರ್ಮವೆಂದು ಇದನ್ನು ಸಮರ್ಥಿಸುವವರಿದ್ದಾರೆ. ಆದರೆ ಕಾದಂಬರಿಯ ಆರಂಭದ ಬಿದಿರಿನ ಪೆಟ್ಟಿಗೂ ಈ ಕೋಲಿನ ಪೆಟ್ಟಿಗೂ ನಡುವಿನ ಸಂಬಂಧವನ್ನು ಅಷ್ಟು ಜಾಣತನದಿಂದ ಹೆಣೆದವರಿಗೆ ಅದರ ಅರ್ಥ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ. ಪಾತ್ರದ ದೋಷವನ್ನು ತೋರಿಸುವುದು ಬೇರೆ, ಅದಕ್ಕೆ ಆರತಿ ಎತ್ತುವುದು ಬೇರೆ. ಈ ಒಂದೆರಡು ಪುಟಗಳಲ್ಲಿ ಪುಸ್ತಕ ಆ ಗೆರೆಯನ್ನು ದಾಟುತ್ತದೆ.

ಪಾರ್ವತಿಯೂ ನಿರ್ದೋಷಿಯಲ್ಲ ಎಂಬುದು ಸಮಾಧಾನದ ಸಂಗತಿ. ಅವಳ ಹಟ, ಅವಳ ಬಿಂಕ, ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವಂಥ ಅವಳ ಕರ್ತವ್ಯನಿಷ್ಠೆ ಕೆಲವೊಮ್ಮೆ ಭಯ ಹುಟ್ಟಿಸುತ್ತದೆ. ಹಾತಿಪೋತಾದ ಜಮೀನ್ದಾರ, ನಲವತ್ತರ ಆಸುಪಾಸಿನ ವಿಧುರ ಭುವನ ಚೌಧುರಿಯ ಕೈಹಿಡಿದು, ತನಗಿಂತ ದೊಡ್ಡವರಾದ ಮಲಮಕ್ಕಳಿಗೆ ತಾಯಿಯಾಗಿ, ಮುನಿದ ಮಲಮಗಳಿಗೆ ತನ್ನ ಒಡವೆಗಳನ್ನೆಲ್ಲ ತೊಡಿಸಿ ಒಲಿಸಿಕೊಳ್ಳುವ ಅವಳು ಮನೆಯನ್ನು ಗೆಲ್ಲುತ್ತಾಳೆ, ಆದರೆ ಆ ಗೆಲುವಿನಲ್ಲಿ ಅವಳಿಗೆ ಆಸಕ್ತಿಯೇ ಇಲ್ಲ. ಈ ಭಾಗ ಇನ್ನಷ್ಟು ವಿಸ್ತಾರವಾಗಿದ್ದರೆ ಒಳ್ಳೆಯದಿತ್ತು. ಲೇಖಕರು ಹಾತಿಪೋತಾವನ್ನು ಬೇಗಬೇಗ ಮುಗಿಸಿ ಕಲ್ಕತ್ತೆಗೆ ಹೊರಟುಬಿಡುತ್ತಾರೆ, ಭುವನ ಚೌಧುರಿಯಂಥ ಮರ್ಯಾದಸ್ಥನ ಒಳಗನ್ನು ತೆರೆದು ನೋಡುವ ಅವಕಾಶ ಹಾಗೆಯೇ ಜಾರಿಹೋಗುತ್ತದೆ.

ಕಲ್ಕತ್ತೆಯಲ್ಲಿರುವುದು ವೇಶ್ಯೆ ಚಂದ್ರಮುಖಿ. ಪುಸ್ತಕವನ್ನು ಕೊಳ್ಳಲೇಬೇಕೆಂದು ಯಾರಿಗಾದರೂ ಹೇಳುವುದಾದರೆ ಅದು ಇವಳಿಗಾಗಿ. ದೇವದಾಸ ಮತ್ತು ಪಾರ್ವತಿಯರದು ಕೈಗೂಡದ ಪ್ರೀತಿಯೇ ಹೊರತು ಒಂದೇ ಕಡೆಯದಲ್ಲ. ಪ್ರತಿಫಲವಿಲ್ಲದ ಪ್ರೀತಿಯೆಂದರೆ ಚಂದ್ರಮುಖಿಯದು. ಜೊತೆಗಾರ ಚುನಿಲಾಲ ದೇವದಾಸನನ್ನು ಮೊದಲ ಬಾರಿ ಅವಳ ಮನೆಗೆ ಕರೆದೊಯ್ದಾಗ ಅವನು ಅವಳತ್ತ ಅಸಹ್ಯದಿಂದ ನೋಡಿ, ನೂರು ರೂಪಾಯಿಯ ನೋಟನ್ನು ಅಲ್ಲಿಟ್ಟು ಎದ್ದುಹೋಗುತ್ತಾನೆ. ಅವಳ ಮನಸ್ಸು ತಿರುಗುವುದು ಆ ಅಸಹ್ಯದಿಂದಲೇ. ತನ್ನನ್ನು ಬಯಸಿ ಬರುವವರನ್ನಷ್ಟೇ ಕಂಡವಳಿಗೆ, ತನ್ನ ಕಸುಬನ್ನು ತಾತ್ಸಾರ ಮಾಡಿದ ಒಬ್ಬನು ಬೇರೆಯಾಗಿ ಕಾಣುತ್ತಾನೆ. ಹೀಗೆ ಅವಮಾನದಲ್ಲಿ ಹುಟ್ಟಿದ ಒಲವು ಆರೋಗ್ಯಕರವೇ ಎಂದು ಇಂದಿನವರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅಸಂಭವವೆಂದು ಮಾತ್ರ ಯಾರೂ ಹೇಳಲಾರರು.

ಅವಳು ಕಸುಬು ಬಿಡುತ್ತಾಳೆ, ಅಶತ್ಥಝುರಿ ಎಂಬ ಹಳ್ಳಿಗೆ ಹೋಗಿ ಮಣ್ಣಿನ ಮನೆಯಲ್ಲಿ ಬಡವರ ನಡುವೆ ಬದುಕುತ್ತಾಳೆ. ದೇವದಾಸನ ಸುದ್ದಿಯಿಲ್ಲದೆ ತಾಲಸೋನಾಪುರದವರೆಗೆ ವಿಚಾರಿಸಿಕೊಂಡು ಹೋಗುತ್ತಾಳೆ. ಅವನು ಕಲ್ಕತ್ತೆಯಲ್ಲಿ ಕುಡಿದು ಹಾಳಾಗುತ್ತಿದ್ದಾನೆಂದು ತಿಳಿದಾಗ, ಬಿಟ್ಟ ವೇಷವನ್ನೇ ಮತ್ತೆ ತೊಟ್ಟು ನಗರದಲ್ಲಿ ಅವನನ್ನು ಹುಡುಕುತ್ತಾಳೆ. ಪ್ರೀತಿಗಾಗಿ ಬಿಟ್ಟ ಬದುಕಿಗೆ ಪ್ರೀತಿಗಾಗಿಯೇ ಮರಳಬೇಕಾದ ಈ ಸಂಕಟವನ್ನು ಲೇಖಕರು ಯಾವ ಆಡಂಬರವೂ ಇಲ್ಲದೆ ಒಂದೆರಡು ಪುಟಗಳಲ್ಲಿ ಹೇಳಿಬಿಡುತ್ತಾರೆ. ಕೊನೆಗೊಂದು ರಾತ್ರಿ ಬೀದಿಯಲ್ಲಿ ಕುಡಿದು ಬಿದ್ದವನು ಸಿಗುತ್ತಾನೆ. ಶುಶ್ರೂಷೆ ಮಾಡಿ ಎಬ್ಬಿಸುತ್ತಾಳೆ. ಚೇತರಿಸಿಕೊಂಡ ದೇವದಾಸ ಅವಳಲ್ಲಿ ಮಮತೆ ತೋರುತ್ತಾನೆ, ಸಲಿಗೆಯಿಂದ ಹೆಂಡತಿಯೆಂಬಂತೆ ಕರೆಯುತ್ತಾನೆ, ಆದರೆ ಹವೆ ಬದಲಾಯಿಸಲು ಪಶ್ಚಿಮದ ಊರುಗಳಿಗೆ ಹೊರಟಾಗ ಜೊತೆಗೆ ಬರುತ್ತೇನೆಂದ ಅವಳನ್ನು ಜನ ಏನೆಂದಾರು ಎಂದು ಬಿಟ್ಟು ಹೋಗುತ್ತಾನೆ. ಪಾರ್ವತಿಯ ವಿಷಯದಲ್ಲಿ ಕಲಿಯಬಹುದಾಗಿದ್ದ ಪಾಠವನ್ನು ಅವನು ಎರಡನೆಯ ಹೆಣ್ಣಿನ ಎದುರಿಗೂ ಕಲಿತಿಲ್ಲ.

ಫಲ ಕಾಣದ ಪ್ರೀತಿಯ ಕಥೆಗಳು ಓದುಗರನ್ನು ಹಿಡಿದಿಡುವುದಕ್ಕೆ ಚಂದ್ರಮುಖಿಯೇ ಒಳ್ಳೆಯ ವಿವರಣೆ. ಕೂಡಿಬಂದ ಪ್ರೀತಿಯನ್ನು ದಿನನಿತ್ಯದ ಬದುಕು ಪರೀಕ್ಷೆಗೆ ಒಡ್ಡುತ್ತದೆ. ಬೆಳಗಿನ ಮುನಿಸು, ಸಂಜೆಯ ಆಯಾಸ, ನೆಂಟರ ಮಾತು ಎಲ್ಲವೂ ಅದನ್ನು ತಿಕ್ಕಿ ನೋಡುತ್ತವೆ. ಮರುಮಾತೇ ಬಾರದ ಪ್ರೀತಿಗೆ ಆ ಪರೀಕ್ಷೆಯಿಲ್ಲ, ಆದುದರಿಂದ ಅದು ಸವೆಯುವುದಿಲ್ಲ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರುತ್ತದೆ: ಏನೂ ದೊರೆಯದೆಂದು ತಿಳಿದೂ ಕೊಡುವವರ ನಡತೆಯಲ್ಲಿ ಲೆಕ್ಕಾಚಾರವನ್ನು ಹುಡುಕಲಾಗುವುದಿಲ್ಲ. ದೇವದಾಸನ ಪ್ರೀತಿಯಲ್ಲಿ ತನ್ನ ಮೇಲಿನ ಮರುಕವೇ ಹೆಚ್ಚು, ಪಾರ್ವತಿಯದರಲ್ಲಿ ಹಕ್ಕಿನ ದನಿಯಿದೆ. ಚಂದ್ರಮುಖಿ ಮಾತ್ರ ಹಕ್ಕಿಲ್ಲವೆಂದು ಅರಿತು ಪ್ರೀತಿಸುತ್ತಾಳೆ, ಆ ಅರಿವನ್ನು ತನ್ನ ಹಿರಿಮೆಯೆಂದು ಮೆರೆಸುವುದೂ ಇಲ್ಲ. ಇಬ್ಬರು ಹೆಂಗಸರನ್ನೂ ಹೋಲಿಸಿ ಒಬ್ಬಳು ಅಭಿಮಾನಿ, ಇನ್ನೊಬ್ಬಳು ಶಾಂತೆ ಎಂದು ದೇವದಾಸ ಹೇಳುವ ಸಂದರ್ಭ ಇದೆ. ಅವನ ಬಾಯಿಂದ ಬರುವ ವಿವೇಕದ ಮಾತುಗಳಲ್ಲಿ ಅದೊಂದು, ಆದರೂ ಆ ವಿವೇಕ ಅವನ ಕಾಲುಗಳನ್ನು ಒಂದು ಹೆಜ್ಜೆಯಷ್ಟೂ ತಿರುಗಿಸುವುದಿಲ್ಲ.

ಕೊನೆಯ ಪ್ರಯಾಣ ಎಲ್ಲರಿಗೂ ಗೊತ್ತಿರುವುದೇ. ಸಾಯುವ ಮುನ್ನ ಒಮ್ಮೆ ನಿನ್ನ ಮನೆಗೆ ಬರುತ್ತೇನೆಂದು ಪಾರ್ವತಿಗೆ ಕೊಟ್ಟ ಮಾತನ್ನು ನೆನೆದು, ರೈಲಿನಲ್ಲಿ ನಿದ್ದೆಹೋದ ಹಳೆಯ ಆಳು ಧರ್ಮದಾಸನನ್ನು ಬಿಟ್ಟು ಅವನು ಪಾಂಡುವಾ ನಿಲ್ದಾಣದಲ್ಲಿ ಇಳಿಯುತ್ತಾನೆ, ಎತ್ತಿನ ಗಾಡಿಯಲ್ಲಿ ಹಾತಿಪೋತಾ ತಲುಪುತ್ತಾನೆ, ಜಮೀನ್ದಾರರ ಮನೆಯೆದುರಿನ ಅಶ್ವತ್ಥದ ಕಟ್ಟೆಯ ಮೇಲೆ ಪ್ರಾಣ ಬಿಡುತ್ತಾನೆ. ಸಿನಿಮಾಗಳು ಇಲ್ಲಿಗೆ ಸಂಗೀತ ಏರಿಸಿ ನಿಲ್ಲುತ್ತವೆ. ಪುಸ್ತಕ ಇನ್ನೂ ಸ್ವಲ್ಪ ಮುಂದೆ ಹೋಗಿ, ಯಾವ ಜಾತಿಯವನೋ ಎಂಬ ಸಂಶಯದಲ್ಲಿ ಊರವರು ಹೆಣ ಮುಟ್ಟಲೊಲ್ಲದ್ದನ್ನೂ, ಅರೆಬೆಂದ ದೇಹಕ್ಕೆ ಬಂದೊದಗುವ ಗತಿಯನ್ನೂ ಹೇಳುತ್ತದೆ. ತುಂಬ ಒರಟಾದ ಮುಕ್ತಾಯ. ನನಗೆ ಇಷ್ಟವಾದದ್ದೂ ಅದೇ. ಅದರ ಬೆನ್ನಿಗೇ ಲೇಖಕರು ಓದುಗರ ಕಡೆ ತಿರುಗಿ ಇಂಥ ನತದೃಷ್ಟನಿಗಾಗಿ ಪ್ರಾರ್ಥಿಸಿರೆಂದು ಬೇಡಿಕೊಳ್ಳುವುದು ಮಾತ್ರ ಬೇಡವಾಗಿತ್ತು. ಅಲ್ಲಿಯವರೆಗೆ ಓದುಗನನ್ನು ನಂಬಿದವರು ಕೊನೆಯ ಪುಟದಲ್ಲಿ ಕೈಹಿಡಿದು ಅಳಿಸಲು ಹೊರಟಂತಿದೆ.

ಸಿನಿಮಾಗಳ ಜೊತೆ ಹೋಲಿಕೆ ಅನಿವಾರ್ಯ. ಪಿ.ಸಿ. ಬರುವಾ 1935ರಲ್ಲಿ ಬಂಗಾಳಿಯಲ್ಲಿ ತೆಗೆದ ಚಿತ್ರ, ಅದರ ಬೆನ್ನಿಗೆ ಸೈಗಲ್ ಹಾಡಿದ ಹಿಂದಿ ರೂಪ, 1953ರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಸಾವಿತ್ರಿ ನಟಿಸಿದ ತೆಲುಗು ಚಿತ್ರ, ದಿಲೀಪ್ ಕುಮಾರ್ ನಾಯಕನಾದ 1955ರ ಬಿಮಲ್ ರಾಯ್ ಚಿತ್ರ, 2002ರ ಸಂಜಯ್ ಲೀಲಾ ಭನ್ಸಾಲಿ ಚಿತ್ರ, ಹೀಗೆ ಪ್ರತಿ ಪೀಳಿಗೆಗೂ ಒಬ್ಬ ದೇವದಾಸ ಸಿಕ್ಕಿದ್ದಾನೆ. ಇವೆಲ್ಲದರಲ್ಲೂ ಒಳ್ಳೆಯ ನಟರ ಮುಖ ನಾಯಕನ ದೋಷಗಳಿಗೆ ಹೊದಿಕೆಯಾಗುತ್ತದೆ. ದಿಲೀಪ್ ಕುಮಾರರ ಕಣ್ಣುಗಳನ್ನು ನೋಡುತ್ತಾ ಆ ಹೇಡಿತನದ ಕಾಗದವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸುಲಭವಲ್ಲ. ಕಾದಂಬರಿಯಲ್ಲಿ ಪಾರ್ವತಿ ಮತ್ತು ಚಂದ್ರಮುಖಿ ಎಂದೂ ಎದುರಾಗುವುದಿಲ್ಲ. ಬಿಮಲ್ ರಾಯ್ ಅವರು ಇಬ್ಬರೂ ದಾರಿಯಲ್ಲಿ ಒಮ್ಮೆ ಮಾತಿಲ್ಲದೆ ನೋಟ ಬೆರೆಸುವಂತೆ ಮಾಡಿದರು, ಭನ್ಸಾಲಿಯವರು ಒಟ್ಟಿಗೆ ಕುಣಿಸಿಯೇ ಬಿಟ್ಟರು. 1955ರ ಚಿತ್ರದ ಚಂದ್ರಮುಖಿ ಪಾತ್ರಕ್ಕೆ ಬಂದ ಪೋಷಕ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿಯನ್ನು, ತನ್ನದು ಪೋಷಕ ಪಾತ್ರವಲ್ಲವೆಂದು ವೈಜಯಂತಿಮಾಲಾ ನಿರಾಕರಿಸಿದ್ದರು. ಪುಸ್ತಕ ಓದಿದ ಮೇಲೆ ಅವರ ವಾದಕ್ಕೆ ನನ್ನ ಪೂರ್ಣ ಸಹಮತವಿದೆ.

ಅನುವಾದದ ಬಗ್ಗೆ ಎರಡು ಮಾತು. ಶ್ರೀಜಾತಾ ಗುಹಾ ಅವರ ಇಂಗ್ಲಿಷ್ ಸರಳವಾಗಿ ಹರಿಯುತ್ತದೆ, ಎಲ್ಲಿಯೂ ಎಡವುವುದಿಲ್ಲ. ಇಂಗ್ಲಿಷ್ ಕಾದಂಬರಿಗಳ ಅಭ್ಯಾಸ ಅಷ್ಟಾಗಿ ಇಲ್ಲದವರೂ ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ಆದರೆ ಬಂಗಾಳದ ಮನೆಯೊಳಗಿನ ಮುನಿಸು, ಸಲಿಗೆ, ಹಿರಿಯರೆದುರಿನ ತಗ್ಗಿದ ದನಿ ಮೊದಲಾದವುಗಳಿಗೆ ಇಂಗ್ಲಿಷ್ ಅಷ್ಟು ಹತ್ತಿರದ ಭಾಷೆಯಲ್ಲ, ಮತ್ತು ಇದು ಅನುವಾದಕರ ದೋಷವಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಬಂಗಾಳಿ ಕಾದಂಬರಿಗಳನ್ನು ನಮ್ಮದೇ ಎಂಬಂತೆ ಓದಿದ ಪರಂಪರೆ ನಮ್ಮಲ್ಲಿದೆ, ಶರತ್‌ಚಂದ್ರರೂ ಆ ದಾರಿಯಲ್ಲಿಯೇ ನಮ್ಮ ಗ್ರಂಥಾಲಯಗಳ ಕಪಾಟು ಸೇರಿದವರು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಅವರ ಕಾದಂಬರಿಗಳ ಹಳೆಯ ಕನ್ನಡ ರೂಪ ಸಿಕ್ಕರೆ, ಪುಟ ಹಳದಿಯಾಗಿದ್ದರೂ ಸರಿ, ಅದನ್ನೂ ಜೊತೆಗಿಟ್ಟುಕೊಂಡು ಓದಿ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಪ್ರೀತಿಯಲ್ಲಿ ಈಗಷ್ಟೇ ಸೋತವರಿಗೆ ಸಮಾಧಾನಕ್ಕೆಂದು ಇದನ್ನು ಉಡುಗೊರೆ ಕೊಡಬೇಡಿ. ತನ್ನ ನೋವನ್ನು ಮುದ್ದಿಸಿಕೊಳ್ಳುವ ಮನಸ್ಸಿಗೆ ಇದರ ಮೊದಲ ಓದು ತಪ್ಪು ದಾರಿ ತೋರಿಸುವ ಸಾಧ್ಯತೆ ಇದೆ. ಒಳ್ಳೆಯ ನಡತೆಯ ನಾಯಕನೇ ಬೇಕೆನ್ನುವವರಿಗೂ ಇದು ಹಿಡಿಸದು. ಕಾದಂಬರಿ ಬರೆಯಲು ಹೊರಟ ಎಳೆಯರು, ಓದುಗರ ಬಳಗ ಕಟ್ಟಿಕೊಂಡು ಚರ್ಚಿಸುವವರು, ಭನ್ಸಾಲಿಯವರ ಚಿತ್ರದ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡು ಕಥೆ ಪೂರ್ತಿ ಗೊತ್ತೆಂದುಕೊಂಡಿರುವವರು ಮಾತ್ರ ತಪ್ಪದೆ ಕೊಳ್ಳಬಹುದು. ಐದರಲ್ಲಿ ನಾನು ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಆ ಗಾಳದ ಕೋಲಿನ ಪುಟಗಳಿಗೆ, ಇನ್ನರ್ಧ ಭುವನ ಚೌಧುರಿಗೆ ಸಲ್ಲಬೇಕಾಗಿದ್ದ ಅಧ್ಯಾಯ ಇಲ್ಲದಿರುವುದಕ್ಕೆ.